ಫ್ಯಾಂಟಮ್‌ನಿಂದ ಕೃಷ್ಣನವರೆಗೆ: ಕಾರ್ಕಳದ ಅನಂತ ಪೈ ನಡೆದ ದಾರಿ

ಗೊಟಗೋಡಿ (ಹಾವೇರಿ ಜಿಲ್ಲೆ): ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ಹುಬ್ಬಳ್ಳಿಯಿಂದ ಹಾವೇರಿಯತ್ತ ಹೊರಟವರಿಗೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಅಪರಿಚಿತ ಊರಲ್ಲ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಮೂಡಿದ ಉತ್ಸವ ರಾಕ್ ಗಾರ್ಡನ್ ಇರುವುದು ಇಲ್ಲಿಯೇ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ನೆಲೆ ನಿಂತಿರುವುದೂ ಇಲ್ಲಿಯೇ. ರಜೆಯ ದಿನಗಳಲ್ಲಿ ನಗರಗಳಿಂದ ಬರುವ ಮಕ್ಕಳು ಒಕ್ಕಲುತನದ, ಸಂತೆಯ, ಹಳ್ಳಿಯ ಮನೆಯ ಶಿಲ್ಪಗಳ ನಡುವೆ ಓಡಾಡುತ್ತಾರೆ. ಅವರಲ್ಲಿ ಹಲವರ ಅಂಗಿಯ ಮೇಲೆ ಸ್ಪೈಡರ್‌ಮ್ಯಾನ್ ಇರುತ್ತಾನೆ, ಇಲ್ಲವೇ ಬ್ಯಾಟ್‌ಮ್ಯಾನ್ ಇರುತ್ತಾನೆ.

ಈ ಸೀಮೆ ದೊಡ್ಡಾಟದ ಸೀಮೆ. ಕಿರೀಟ, ಭುಜಕೀರ್ತಿ ಧರಿಸಿದ ಕರ್ಣಾರ್ಜುನರು ಇಲ್ಲಿನ ಹಳ್ಳಿಗಳ ಅಟ್ಟದ ಮೇಲೆ ರಾತ್ರಿಯಿಡೀ ಕಾದಾಡಿದ್ದಾರೆ. ಅಮಾನುಷ ಬಲ, ದಿವ್ಯಾಸ್ತ್ರ, ಆಕಾಶ ಸಂಚಾರ, ಧರ್ಮಕ್ಕಾಗಿ ಹೋರಾಟ ಇವೆಲ್ಲ ಅಮೆರಿಕದ ಸೂಪರ್‌ಹೀರೋ ಚಿತ್ರಗಳು ಬರುವುದಕ್ಕೆ ಬಹಳ ಮುಂಚೆಯೇ ಇಲ್ಲಿನ ಜನಕ್ಕೆ ಪರಿಚಿತವಾಗಿದ್ದ ಸಂಗತಿಗಳು. ಆದರೂ ಅಂಗಿಯ ಮೇಲಿನ ವೀರನ ಕಥೆ ಗೊತ್ತಿರುವ ಮಗುವಿಗೆ ಅಟ್ಟದ ಮೇಲಿನ ವೀರನ ಕಥೆ ಗೊತ್ತಿರುತ್ತದೆಯೆಂದು ಹೇಳುವಂತಿಲ್ಲ.

ಈ ಕೊರತೆಯನ್ನು ಆರು ದಶಕಗಳ ಹಿಂದೆಯೇ ಕಂಡು, ಅದಕ್ಕೆ ಮದ್ದು ಹುಡುಕಲು ಹೊರಟವರು ಕನ್ನಡ ನಾಡಿನಲ್ಲೇ ಹುಟ್ಟಿದ ಅನಂತ ಪೈ. ದೇಶದ ಮಕ್ಕಳಿಗೆ ಅಂಕಲ್ ಪೈ ಎಂದೇ ಪರಿಚಿತರಾಗಿದ್ದ ಅವರು ತೀರಿಕೊಂಡದ್ದು 2011ರಲ್ಲಿ, ಗೊಟಗೋಡಿಯ ವಿಶ್ವವಿದ್ಯಾಲಯ ಸ್ಥಾಪನೆಯಾದ ವರ್ಷದಲ್ಲಿಯೇ. ಜನರ ಬಾಯಲ್ಲಿದ್ದ ಕಥೆಗಳು ಇಲ್ಲಿ ಅಧ್ಯಯನದ ವಸ್ತುವಾದವು. ಪೈ ಅವರು ಇಂಥವೇ ಕಥೆಗಳನ್ನು ರೈಲು ನಿಲ್ದಾಣದ ಪುಸ್ತಕದಂಗಡಿಗೆ ತಂದಿಟ್ಟಿದ್ದರು.

ಕಾರ್ಕಳದಿಂದ ಮುಂಬೈಗೆ

ಅನಂತ ಪೈ ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು, ಕಾರ್ಕಳದಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಈಗ ಉಡುಪಿ ಜಿಲ್ಲೆಯಲ್ಲಿದೆ. 1432ರಲ್ಲಿ ಪ್ರತಿಷ್ಠಾಪಿತವಾದ 42 ಅಡಿ ಎತ್ತರದ ಬಾಹುಬಲಿಯ ಏಕಶಿಲಾ ಮೂರ್ತಿಯಿಂದ ಹೆಸರಾದ ಊರದು. ತಂದೆ ವೆಂಕಟರಾಯರು, ತಾಯಿ ಸುಶೀಲಾ. ಮಗುವಿಗೆ ಎರಡು ವರ್ಷ ತುಂಬುವಷ್ಟರಲ್ಲಿ ಇಬ್ಬರೂ ಇಲ್ಲವಾದರು. ಬಂಧುಗಳ ಆಶ್ರಯದಲ್ಲಿ ಬೆಳೆದ ಬಾಲಕ ಹನ್ನೆರಡನೆಯ ವಯಸ್ಸಿನಲ್ಲಿ ಮುಂಬೈ ಸೇರಿದ. ಮಾಹಿಮಿನ ಓರಿಯಂಟ್ ಶಾಲೆಯಲ್ಲಿ ಓದು ಮುಂದುವರಿಯಿತು.

ಮುಂಬೈ ವಿಶ್ವವಿದ್ಯಾಲಯದಲ್ಲಿ ಅವರು ಆರಿಸಿಕೊಂಡದ್ದು ವಿಜ್ಞಾನವನ್ನು. ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜತೆಗೆ ರಾಸಾಯನಿಕ ತಂತ್ರಜ್ಞಾನದಲ್ಲೂ ಪದವಿ ಪಡೆದರು. ಕಾರ್ಖಾನೆಯ ಕೆಲಸ, ನಿಶ್ಚಿತ ಸಂಬಳ ಕೈಗೆಟಕುವ ದೂರದಲ್ಲಿತ್ತು. ಮನಸ್ಸು ಮಾತ್ರ ಅಚ್ಚಿನ ಮನೆಯ ಕಡೆಗೇ ಎಳೆಯುತ್ತಿತ್ತು. 1954ರಲ್ಲಿ ಮಾನವ್ ಎಂಬ ಮಕ್ಕಳ ಪತ್ರಿಕೆಯನ್ನು ಹೊರತಂದರು. ಅದು ಬಹುಕಾಲ ಬಾಳಲಿಲ್ಲ. ಕೈಸುಟ್ಟುಕೊಂಡ ಪೈ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗದಲ್ಲಿ ಕಿರಿಯ ಹುದ್ದೆಯೊಂದಕ್ಕೆ ಸೇರಿಕೊಂಡರು.

ಮುಸುಕಿನ ವೀರನ ಪ್ರವೇಶ

1964ರ ಮಾರ್ಚ್ ತಿಂಗಳಲ್ಲಿ ಟೈಮ್ಸ್ ಸಂಸ್ಥೆಯಿಂದ ಇಂದ್ರಜಾಲ್ ಕಾಮಿಕ್ಸ್ ಆರಂಭವಾಯಿತು. ಆ ಯೋಜನೆಯಲ್ಲಿ ಪೈ ಪಾತ್ರ ದೊಡ್ಡದು. ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಇದರ ಮೊದಲ ನಾಯಕ. ಕಾಡಿನ ಗವಿಯಲ್ಲಿ ಕಪಾಲ ಸಿಂಹಾಸನ, ಬೆರಳಿನಲ್ಲಿ ಕಪಾಲದ ಉಂಗುರ, ಜತೆಗೊಂದು ತೋಳ, ಒಂದು ಬಿಳಿ ಕುದುರೆ. ಸಾವಿಲ್ಲದವನೆಂದು ಜನ ನಂಬಿದ ಆ ಮುಸುಕಿನ ಮನುಷ್ಯನಿಗೆ ನಿಜವಾಗಿ ಯಾವ ಮಾಂತ್ರಿಕ ಶಕ್ತಿಯೂ ಇರಲಿಲ್ಲ; ತಂದೆಯಿಂದ ಮಗನಿಗೆ ಸಾಗಿ ಬಂದ ವೇಷ, ಸಾಗಿ ಬಂದ ಪ್ರತಿಜ್ಞೆ ಮಾತ್ರ ಇದ್ದವು. ಮೂಲದಲ್ಲಿ ಅವನ ಕಾಡಿಗೆ ಬಂಗಾಳವನ್ನು ಹೋಲುವ ಹೆಸರಿತ್ತು. ಭಾರತೀಯ ಓದುಗರಿಗೆ ಗೊಂದಲವಾಗದಿರಲೆಂದು ಇಂದ್ರಜಾಲ್ ಸಂಚಿಕೆಗಳಲ್ಲಿ ಅದು ಡೆಂಕಾಲಿ ಆಯಿತು.

ಫ್ಯಾಂಟಮ್‌ನ ಹಿಂದೆಯೇ ಜಾದೂಗಾರ ಮ್ಯಾಂಡ್ರೇಕ್ ಬಂದ. ಅನ್ಯಗ್ರಹದ ದುಷ್ಟ ಚಕ್ರವರ್ತಿಯೊಡನೆ ಸೆಣಸುವ ಫ್ಲ್ಯಾಶ್ ಗಾರ್ಡನ್ ಬಂದ. ಅಂತರಿಕ್ಷ ನೌಕೆ, ಕಿರಣಾಸ್ತ್ರ, ಪರಲೋಕದ ಜೀವಿಗಳು ಭಾರತದ ಅದೆಷ್ಟೋ ಮಕ್ಕಳ ಕಣ್ಣಿಗೆ ಮೊದಲು ಬಿದ್ದದ್ದು ಈ ಅಗ್ಗದ ಕಾಗದದ ಪುಟಗಳಲ್ಲಿ. ವಿಜ್ಞಾನ ಕಥೆಗಳ ರುಚಿ ಹತ್ತಿದ್ದು ಇಂದ್ರಜಾಲ್ ಸಂಚಿಕೆಗಳಿಂದಲೇ ಎನ್ನುವ ಹಿರಿಯ ಓದುಗರು ಇಂದಿಗೂ ಸಿಗುತ್ತಾರೆ.

ಈ ಅವಧಿಯಲ್ಲಿ ಪೈ ಕಲಿತ ಪಾಠ ಮುಖ್ಯವಾದುದು. ಒಂದು ಪುಟದಲ್ಲಿ ಎಷ್ಟು ಚೌಕಗಳಿರಬೇಕು, ಯಾವ ಚೌಕದಲ್ಲಿ ಕಥೆ ತಿರುವು ಪಡೆಯಬೇಕು, ಪಾತ್ರದ ಬಾಯಲ್ಲಿ ಎಷ್ಟು ಮಾತು ಸಾಕು, ಮಗು ಪುಟ ತಿರುವುವಂತೆ ಮಾಡುವ ಕುತೂಹಲ ಎಲ್ಲಿ ನಿಲ್ಲಬೇಕು, ಈ ಕಸುಬನ್ನು ಅವರಿಗೆ ಕಲಿಸಿದ್ದು ಮುಸುಕುಧಾರಿ ಫ್ಯಾಂಟಮ್. ಮುಂದೆ ಪುರಾಣದ ವೀರರ ಪರವಾಗಿ ದುಡಿದ ಪೈ ವಿದೇಶಿ ವೀರರ ದ್ವೇಷಿಯಾಗಿದ್ದರೆಂದು ಭಾವಿಸುವವರು ಈ ಅಧ್ಯಾಯವನ್ನು ಮರೆಯುತ್ತಾರೆ.

ರಾಮನ ತಾಯಿಯ ಹೆಸರು

1967ರ ಫೆಬ್ರವರಿ. ಪೈ ದೆಹಲಿಯಲ್ಲಿದ್ದರು. ದೇಶದಲ್ಲಿ ಟಿ.ವಿ. ಪ್ರಸಾರ ಇದ್ದುದು ಆಗ ದೆಹಲಿಯಲ್ಲಿ ಮಾತ್ರ. ಅಂಗಡಿಯೊಂದರಲ್ಲಿ ಇರಿಸಿದ್ದ ಟಿ.ವಿ.ಯಲ್ಲಿ ವಿದ್ಯಾರ್ಥಿಗಳ ರಸಪ್ರಶ್ನೆ ಕಾರ್ಯಕ್ರಮ ನಡೆಯುತ್ತಿತ್ತು. ದಾರಿಹೋಕರೊಡನೆ ಅವರೂ ನಿಂತು ನೋಡಿದರು. ಗ್ರೀಕರ ಒಲಿಂಪಸ್ ಪರ್ವತದ ದೇವತೆಗಳ ಬಗ್ಗೆ ಕೇಳಿದಾಗ ಉತ್ತರ ಥಟ್ಟನೆ ಬಂತು. ರಾಮನ ತಾಯಿಯ ಹೆಸರು ಕೇಳಿದಾಗ ಉತ್ತರವಿಲ್ಲ.

ಈ ಪ್ರಸಂಗವನ್ನು ಪೈ ತಮ್ಮ ಜೀವನದುದ್ದಕ್ಕೂ ಹೇಳುತ್ತಿದ್ದರು. ಸಾವಿರಾರು ಲೇಖನಗಳಲ್ಲಿ ಅದು ಪುನರಾವರ್ತನೆಯಾಗಿದೆ. ಅದೇ ವರ್ಷ ಅವರು ಟೈಮ್ಸ್ ಸಂಸ್ಥೆಯನ್ನು ಬಿಟ್ಟು, ಜಿ.ಎಲ್. ಮೀರ್‌ಚಂದಾನಿ ಅವರ ಇಂಡಿಯಾ ಬುಕ್ ಹೌಸ್ ಸೇರಿದರು. ಅಮರ ಚಿತ್ರಕಥೆಯ ಸಂಪಾದಕರಾದರು.

ಆ ರಸಪ್ರಶ್ನೆಯ ಸೋಲು ಯಾರದೆಂಬುದನ್ನು ಮಾತ್ರ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ದೊಡ್ಡಾಟ, ಯಕ್ಷಗಾನ, ಹರಿಕಥೆ ಕೇಳಿ ಬೆಳೆದ ಹಳ್ಳಿಯ ಹುಡುಗನಿಗೆ ಕೌಸಲ್ಯೆಯ ಹೆಸರು ಗೊತ್ತಿತ್ತು. ಶಾಲೆಗೇ ಹೋಗದ ಅಜ್ಜಿಗೂ ಗೊತ್ತಿತ್ತು. ಚಂದಮಾಮ ಓದುವ ಮಕ್ಕಳಿಗಂತೂ ಸಂದೇಹವೇ ಇರಲಿಲ್ಲ. ಗೊತ್ತಿಲ್ಲದೆ ಹೋದದ್ದು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ, ಅಜ್ಜ-ಅಜ್ಜಿಯರಿಂದ ದೂರವಾದ ಮಹಾನಗರದ ಮಕ್ಕಳಿಗೆ. ಪೈ ಅವರ ಇಂಗ್ಲಿಷ್ ಸಂಚಿಕೆಗಳ ಮೊದಲ ಓದುಗರು ಈ ಮಕ್ಕಳೇ.

ಹನ್ನೊಂದನೆಯ ಸಂಖ್ಯೆಯ ಗುಟ್ಟು

ಪೈ ಸಂಪಾದಿಸಿದ ಮೊದಲ ಪುರಾಣ ಸಂಚಿಕೆ ಕೃಷ್ಣ. ರೇಖೆಗಳು ಮುಂಬೈನ ಕಲಾವಿದ ರಾಮ್ ವಾಯೀರ್ಕರ್ ಅವರವು. ಆ ಸಂಚಿಕೆಯ ಸಂಖ್ಯೆ ಒಂದಲ್ಲ, ಹನ್ನೊಂದು. ಹಳೆಯ ಸಂಚಿಕೆಗಳನ್ನು ಸಂಗ್ರಹಿಸುವ ಅಭಿಮಾನಿಗಳನ್ನು ಕಾಡಿದ ಪ್ರಶ್ನೆ ಇದು: ಮೊದಲ ಹತ್ತು ಎಲ್ಲಿ ಹೋದವು?

ಉತ್ತರ ಬೆಂಗಳೂರಿನಲ್ಲಿದೆ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿ ಪುಸ್ತಕ ಮಾರಾಟದ ಹೊಣೆ ಹೊತ್ತಿದ್ದವರು ಜಿ.ಕೆ. ಅನಂತರಾಮ್. ಕನ್ನಡದ ಮಕ್ಕಳಿಗೆ ಬಣ್ಣದ ಚಿತ್ರಕಥೆಗಳು ಬೇಕೆಂಬ ಯೋಚನೆಯನ್ನು ಮುಂದಿಟ್ಟವರು ಅವರು. ಮೀರ್‌ಚಂದಾನಿ ಒಪ್ಪಿದರು. 1965ರಲ್ಲಿ ಅಮರ ಚಿತ್ರಕಥೆ ಎಂಬ ಹೆಸರಿನಲ್ಲಿ ಹತ್ತು ಸಂಚಿಕೆಗಳು ಬಂದವು, ಕನ್ನಡದಲ್ಲಿ. ಅವು ಸಿಂಡರೆಲ್ಲಾ, ಅಲ್ಲಾದೀನ್, ಪಿನೋಕಿಯೋ ಮುಂತಾದ ಹೊರನಾಡಿನ ಕಥೆಗಳು. ಕನ್ನಡದಲ್ಲಿ ದೊರೆತ ಯಶಸ್ಸು ಮುಂಬೈನ ಮುಖ್ಯ ಕಚೇರಿಗೆ ಧೈರ್ಯ ಕೊಟ್ಟಿತು. ಇಂಗ್ಲಿಷ್ ಸರಣಿ ಆರಂಭವಾದಾಗ ಎಣಿಕೆ ಹನ್ನೊಂದರಿಂದ ಮುಂದುವರಿಯಿತು.

ಇಲ್ಲಿನ ವಿಪರ್ಯಾಸ ಗಮನಾರ್ಹ. ಪುರಾಣ ಗೊತ್ತಿದ್ದ ಕನ್ನಡದ ಮಕ್ಕಳಿಗೆ ಅನಂತರಾಮ್ ಹೊರಗಿನ ಲೋಕದ ಕಥೆಗಳನ್ನು ತಂದರು. ಹೊರಗಿನ ಲೋಕ ಗೊತ್ತಿದ್ದ ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಅನಂತ ಪೈ ಮನೆಯ ಕಥೆಗಳನ್ನು ಕೊಟ್ಟರು. ಒಂದೇ ಹೆಸರಿನ ಸರಣಿ ಎರಡು ದಿಕ್ಕಿಗೆ ಬಾಗಿಲು ತೆರೆಯಿತು. ಮಗುವಿಗೆ ಎರಡೂ ಬಾಗಿಲು ಬೇಕು ಎಂಬುದನ್ನು ಈ ಇಬ್ಬರು ಅನಂತರ ಕೆಲಸವನ್ನು ಜತೆಗಿಟ್ಟು ನೋಡಿದಾಗಷ್ಟೇ ಅರ್ಥ ಮಾಡಿಕೊಳ್ಳಬಹುದು. ದೆಹಲಿಯ ಟಿ.ವಿ. ಪ್ರಸಂಗ ಜಗತ್ತಿಗೆಲ್ಲ ಗೊತ್ತಾಯಿತು. ಬೆಂಗಳೂರಿನ ಹತ್ತು ಸಂಚಿಕೆಗಳ ಕಥೆ ಮಾತ್ರ ಬಹುಕಾಲ ಮರೆಯಲ್ಲೇ ಉಳಿಯಿತು. ಪೈ ಅವರ ಹಿರಿಮೆಗೆ ಇದರಿಂದ ಕುಂದಿಲ್ಲ. ಅನಂತರಾಮ್ ಅವರಿಗೆ ಸಲ್ಲಬೇಕಾದುದು ಸಲ್ಲಬೇಕು, ಅಷ್ಟೇ.

ಬೆಟ್ಟ ಎತ್ತಲು ಹಿಂಜರಿದ ಕೃಷ್ಣ

ವಿಜ್ಞಾನ ಓದಿದ ಪೈ ಅವರಿಗೆ ಪುರಾಣದ ಪವಾಡಗಳನ್ನು ಹೇಗೆ ತೋರಿಸಬೇಕೆಂಬ ಅಳುಕು ಇತ್ತು. ಕೃಷ್ಣ ಸಂಚಿಕೆಯ ಮೊದಲ ರೂಪದಲ್ಲಿ ಗೋವರ್ಧನ ಗಿರಿಯನ್ನು ಎತ್ತಿ ಹಿಡಿಯುವ ದೃಶ್ಯವನ್ನು ಎದ್ದು ಕಾಣುವಂತೆ ತೋರಿಸಲು ಅವರು ಹಿಂಜರಿದರು. ಹೊಸ ಕಾಲದ ಮಗು ಇದನ್ನು ನಂಬೀತೇ, ನಂಬಬೇಕೇ ಎಂಬ ಪ್ರಶ್ನೆ ಅವರದಾಗಿತ್ತು. ಮುಂದಿನ ವರ್ಷಗಳಲ್ಲಿ ಅವರ ನಿಲುವು ಬದಲಾಯಿತು. ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣ ಬೆಟ್ಟವನ್ನು ಎತ್ತಿದ.

ಈ ಬದಲಾವಣೆಯನ್ನು ಇಬ್ಬರು ಓದುಗರು ಎರಡು ಬಗೆಯಲ್ಲಿ ಅರ್ಥೈಸಬಹುದು. ವೈಚಾರಿಕತೆ ಸೋತಿತು ಎನ್ನಬಹುದು. ಕಥೆಗೆ ಅದರದೇ ನ್ಯಾಯವಿದೆ ಎಂಬುದನ್ನು ಸಂಪಾದಕರು ಒಪ್ಪಿಕೊಂಡರು ಎಂದೂ ಹೇಳಬಹುದು. ಆಕಾಶದಲ್ಲಿ ಹಾರುವ ಸೂಪರ್‌ಮ್ಯಾನ್‌ನನ್ನು ಮಗು ಪ್ರಶ್ನಿಸುವುದಿಲ್ಲ. ಹಾರುವ ಹನುಮಂತನಿಗೆ ಮಾತ್ರ ಭೌತಶಾಸ್ತ್ರದ ಪರೀಕ್ಷೆ ಏಕೆ? ಆದರೆ ವ್ಯತ್ಯಾಸವೂ ಇದೆ. ಸೂಪರ್‌ಮ್ಯಾನ್‌ನಿಗೆ ಯಾರೂ ಪೂಜೆ ಮಾಡುವುದಿಲ್ಲ. ಹನುಮಂತನ ಗುಡಿ ಪ್ರತಿ ಊರಿನಲ್ಲಿದೆ. ಪೂಜೆಗೊಳ್ಳುವ ದೇವರನ್ನು ಕಥೆಯ ನಾಯಕನನ್ನಾಗಿ ಬರೆಯುವವನ ಹೊಣೆ ಹೆಚ್ಚಿನದು. ಪೈ ಆ ಹೊಣೆಯನ್ನು ಬಲ್ಲವರಾಗಿದ್ದರು ಎಂಬುದಕ್ಕೆ ಅವರ ಹಿಂಜರಿಕೆಯೇ ಸಾಕ್ಷಿ.

ಶಕುಂತಲಾ, ಸಾವಿತ್ರಿ, ರಾಮ, ನಳ-ದಮಯಂತಿ, ಹನುಮಾನ್ ಸಂಚಿಕೆಗಳು ಒಂದರ ಹಿಂದೊಂದು ಬಂದವು. ಆರಂಭದ ಮಾರಾಟ ಆಶಾದಾಯಕವಾಗಿರಲಿಲ್ಲ. ಕಾಮಿಕ್ಸ್ ಓದಿದರೆ ಮಕ್ಕಳು ಕೆಡುತ್ತಾರೆ ಎಂಬ ಭಾವನೆ ಹೆತ್ತವರಲ್ಲಿತ್ತು, ಶಿಕ್ಷಕರಲ್ಲೂ ಇತ್ತು. ಪೈ ಸ್ವತಃ ಶಾಲೆಗಳ ಬಾಗಿಲು ತಟ್ಟಿದರು. 1978ರಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರದ ಬಗ್ಗೆ ದೆಹಲಿಯಲ್ಲಿ ವಿಚಾರಗೋಷ್ಠಿ ನಡೆಯಿತು. ಪಠ್ಯಪುಸ್ತಕದಿಂದ ಕಲಿತವರನ್ನೂ ಚಿತ್ರಕಥೆಯಿಂದ ಕಲಿತವರನ್ನೂ ಹೋಲಿಸುವ ಪ್ರಯೋಗವನ್ನೂ ಅಲ್ಲಿನ ಶಾಲೆಗಳಲ್ಲಿ ನಡೆಸಲಾಯಿತು. ಕ್ರಮೇಣ ಶಾಲೆಯ ಚೀಲದಲ್ಲಿ ಕದ್ದೊಯ್ಯುವ ಪುಸ್ತಕ ಶಾಲೆಯ ಗ್ರಂಥಾಲಯದ ಕಪಾಟು ಸೇರಿತು. ಬಹುಮಾನವಾಗಿಯೂ ಮಕ್ಕಳ ಕೈಗೆ ಬಂತು.

ಪುರಾಣಕ್ಕಷ್ಟೇ ಸರಣಿ ನಿಲ್ಲಲಿಲ್ಲ. ಕೃಷ್ಣದೇವರಾಯ, ತೆನಾಲಿ ರಾಮ ಬಂದರು. ಪೈ ಅವರ ಹುಟ್ಟೂರಿನ ಬೆಟ್ಟದ ಮೇಲೆ ನಿಂತ ಬಾಹುಬಲಿಯ ಕಥೆಯೂ ಬಂತು. ಜಗದೀಶಚಂದ್ರ ಬೋಸರಂಥ ವಿಜ್ಞಾನಿಗಳು ವೀರರ ಸಾಲಿನಲ್ಲಿ ನಿಂತರು. ಕೃಷ್ಣಭಕ್ತೆ ಮೀರಾಬಾಯಿಯ ಸಂಚಿಕೆಗೆ ಚಿತ್ರ ಬರೆದವರು ಯೂಸುಫ್ ಲೀನ್. ಅವರ ಇನ್ನೊಂದು ಹೆಸರು ಯೂಸುಫ್ ಬೆಂಗಳೂರ್‌ವಾಲಾ. ಮಹಾಭಾರತವನ್ನೇ 42 ಸಂಚಿಕೆಗಳಲ್ಲಿ ಹೇಳುವ ಸಾಹಸ 1980ರ ದಶಕದಲ್ಲಿ ನಡೆಯಿತು. ಒಟ್ಟು 440ಕ್ಕೂ ಹೆಚ್ಚು ಶೀರ್ಷಿಕೆಗಳು, ಕನ್ನಡವೂ ಸೇರಿ ಹಲವು ಭಾಷೆಗಳು, ಕೋಟಿಗಟ್ಟಲೆ ಪ್ರತಿಗಳು. ವಿದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಊರಿಗೆ ಬಂದು ಹಿಂತಿರುಗುವಾಗ ಉಪ್ಪಿನಕಾಯಿ, ಚಟ್ನಿಪುಡಿಯ ಜತೆಗೆ ಈ ಪುಸ್ತಕಗಳ ಕಟ್ಟನ್ನೂ ಒಯ್ಯುತ್ತಿದ್ದವು.

ಎಲ್ಲರ ಮಾವ

ಪೈ ಮತ್ತು ಅವರ ಪತ್ನಿ ಲಲಿತಾ ಅವರಿಗೆ ಮಕ್ಕಳಿರಲಿಲ್ಲ. 1980ರ ನವೆಂಬರ್‌ನಲ್ಲಿ ಆರಂಭವಾದ ಟಿಂಕಲ್ ಪತ್ರಿಕೆ ಆ ದಂಪತಿಗೆ ದೇಶದ ತುಂಬ ಮಕ್ಕಳನ್ನು ಕೊಟ್ಟಿತು. ಮಕ್ಕಳು ಬರೆದ ಪತ್ರಗಳು ರಾಶಿ ರಾಶಿಯಾಗಿ ಬರುತ್ತಿದ್ದವು. ಅಂಕಲ್ ಪೈ ಹೆಸರಿನಲ್ಲಿ ಉತ್ತರಗಳು ಹೋಗುತ್ತಿದ್ದವು. ಹೇಳಿದ್ದನ್ನು ಅಕ್ಷರಶಃ ಪಾಲಿಸಿ ಎಡವಟ್ಟು ಮಾಡುವ ಸುಪ್ಪಾಂಡಿ, ಹೆದರುಪುಕ್ಕಲನಾದರೂ ಧೀರನೆನಿಸಿಕೊಳ್ಳುವ ಶಿಕಾರಿ ಶಂಭು ಮನೆಮಾತಾದರು. ಸೂಪರ್‌ಹೀರೋಗಳ ನಡುವೆ ಈ ಸೋಲುವ, ಬೀಳುವ ನಾಯಕರೂ ಗೆದ್ದದ್ದು ವಿಶೇಷ. ಅದೇ ಪತ್ರಿಕೆಯ ಅನು ಕ್ಲಬ್ ಅಂಕಣ ಮಕ್ಕಳಿಗೆ ವಿಜ್ಞಾನವನ್ನು ಸರಳವಾಗಿ ತಿಳಿಸುತ್ತಿತ್ತು. ರಸಾಯನಶಾಸ್ತ್ರದ ಹಳೆಯ ವಿದ್ಯಾರ್ಥಿ ತಮ್ಮ ಮೊದಲ ಒಲವನ್ನು ಮರೆತಿರಲಿಲ್ಲ.

ಒಪ್ಪಿಗೆಯ ಜತೆಗೆ ಆಕ್ಷೇಪ

ಅಮರ ಚಿತ್ರಕಥೆಯನ್ನು ಅಧ್ಯಯನ ಮಾಡಿದ ವಿದ್ವಾಂಸರು ಎತ್ತಿದ ಆಕ್ಷೇಪಗಳು ಹಗುರವಾದವಲ್ಲ. ದೇವತೆಗಳೂ ರಾಜಕುಮಾರರೂ ಬೆಳ್ಳಗೆ, ಅಸುರರು ಕಪ್ಪಗೆ, ಕುರೂಪಿಗಳಾಗಿ ಏಕೆ ಕಾಣಬೇಕು? ಸ್ತ್ರೀಯರ ಹಿರಿಮೆ ಪತಿಭಕ್ತಿ, ತ್ಯಾಗಗಳಿಗೇ ಏಕೆ ಸೀಮಿತವಾಗಬೇಕು? ನೂರು ಬಗೆಯಲ್ಲಿ ಹೇಳಲಾಗುವ ರಾಮಾಯಣಕ್ಕೆ ಒಂದೇ ಅಚ್ಚು ಏಕೆ? ಕೆಳಜಾತಿಗಳ, ಅಲ್ಪಸಂಖ್ಯಾತರ ಇತಿಹಾಸಕ್ಕೆ ದೊರೆತ ಪುಟಗಳೆಷ್ಟು?

ಮಕ್ಕಳಿಗೆ ಸತ್ಯವನ್ನು ಹೇಳಬೇಕು, ಆದರೆ ಅಪ್ರಿಯ ಸತ್ಯವನ್ನು ಹೇಳಬಾರದು ಎಂಬ ಹಳೆಯ ನೀತಿಯನ್ನು ಪೈ ನೆಚ್ಚಿಕೊಂಡಿದ್ದರು. ಸೌಹಾರ್ದ ಕೆಡಿಸುವುದು ಬೇಡವೆಂಬುದು ಅವರ ಉದ್ದೇಶ. ಆದರೆ ಅಪ್ರಿಯವಾದುದನ್ನು ಬಿಟ್ಟ ಇತಿಹಾಸ ಅಷ್ಟರ ಮಟ್ಟಿಗೆ ಅಪೂರ್ಣ. ಪುಸ್ತಕ ಲಕ್ಷಾಂತರ ಮನೆ ತಲುಪಿದಾಗ ಅದರಲ್ಲಿರುವ ಕೊರತೆಯೂ ಅಷ್ಟೇ ಮನೆ ತಲುಪುತ್ತದೆ. ಊರಿಗೊಂದು ಪಾಠವಿರುವ ದೊಡ್ಡಾಟದಲ್ಲಿ ದುರ್ಯೋಧನನಿಗೂ ತನ್ನ ಮಾತು ಹೇಳುವ ಅವಕಾಶವಿದೆ. ಇಡೀ ಕಥೆಯನ್ನು 32 ಪುಟಗಳಲ್ಲಿ ಮುಗಿಸಬೇಕಾದ ಚಿತ್ರಕಥೆಗೆ ಅಷ್ಟು ವ್ಯವಧಾನವಿರಲಿಲ್ಲ. ಇದು ಪೈ ಆಯ್ದುಕೊಂಡ ಮಾಧ್ಯಮದ ಬೆಲೆ. ಕಥೆ ತಲುಪದಿರುವುದಕ್ಕಿಂತ ಒಂದು ರೂಪದಲ್ಲಾದರೂ ತಲುಪಲಿ ಎಂಬುದು ಅವರ ಆಯ್ಕೆ. ಆ ಆಯ್ಕೆಯ ಲಾಭ-ನಷ್ಟಗಳೆರಡೂ ಮೂರು ಪೀಳಿಗೆಗಳ ಪಾಲಿಗೆ ಬಂದಿವೆ.

ಕೊನೆಯ ವಾರ

1990ರ ದಶಕದಲ್ಲಿ ಕೇಬಲ್ ಟಿ.ವಿ. ಮನೆ ಹೊಕ್ಕಿತು. ಇಂದ್ರಜಾಲ್ ಕಾಮಿಕ್ಸ್ 1990ರಲ್ಲಿ ನಿಂತುಹೋಯಿತು. ಅಮರ ಚಿತ್ರಕಥೆಯ ಹೊಸ ಶೀರ್ಷಿಕೆಗಳ ಪ್ರವಾಹವೂ ಬತ್ತಿತು; ಹಳೆಯವು ಮರುಮುದ್ರಣಗೊಳ್ಳುತ್ತಿದ್ದವು. 2007ರಲ್ಲಿ ಎಸಿಕೆ ಮೀಡಿಯಾ ಎಂಬ ಹೊಸ ಸಂಸ್ಥೆ ಸರಣಿಯನ್ನೂ ಟಿಂಕಲ್ ಪತ್ರಿಕೆಯನ್ನೂ ಕೊಂಡುಕೊಂಡಿತು. ಆ ವೇಳೆಗೆ ಹಾಲಿವುಡ್‌ನ ಸೂಪರ್‌ಹೀರೋಗಳು ನಮ್ಮ ನಗರಗಳ ಮಲ್ಟಿಪ್ಲೆಕ್ಸ್‌ಗಳನ್ನು ಗೆದ್ದಾಗಿತ್ತು.

2011ರ ಫೆಬ್ರವರಿಯಲ್ಲಿ ದೇಶದ ಮೊದಲ ಕಾಮಿಕ್ ಕಾನ್ ಉತ್ಸವ ದೆಹಲಿಯಲ್ಲಿ ನಡೆಯಿತು. ಸೂಪರ್‌ಹೀರೋಗಳ ಅಭಿಮಾನಿಗಳು, ವಿಜ್ಞಾನ ಕಥೆಗಳ ಪ್ರಿಯರು, ಪುರಾಣದ ಓದುಗರು ಒಂದೇ ಚಪ್ಪರದಡಿ ಸೇರಿದ ಆ ಕೂಟದಲ್ಲಿ ಪೈ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಸಂದಿತು. ಅದಾದ ಕೆಲವೇ ದಿನಗಳಲ್ಲಿ, ಫೆಬ್ರವರಿ 24ರಂದು, ಮುಂಬೈನಲ್ಲಿ ಹೃದಯಾಘಾತದಿಂದ ಅವರು ನಿಧನರಾದರು. ವಯಸ್ಸು 81. ಸೆಪ್ಟೆಂಬರ್ 17ರ ಅವರ ಜನ್ಮದಿನದಂದು ಗೂಗಲ್ ತನ್ನ ಮುಖಪುಟದಲ್ಲಿ ಚಿತ್ರಕಥೆಯ ರೂಪದ ಚಿತ್ರ ಹಾಕಿ ಗೌರವ ಸೂಚಿಸಿತು.

ಅಮೆರಿಕದ ಮುಸುಕುಧಾರಿಯನ್ನು ಭಾರತದ ಮಕ್ಕಳಿಗೆ ತಲುಪಿಸಿದವರು, ಗೋಕುಲದ ಕೃಷ್ಣನನ್ನೂ ಅದೇ ಚೌಕಟ್ಟಿನೊಳಗೆ ತಂದವರು ಒಬ್ಬರೇ. ಇವನು ಬೇಕೋ ಅವನು ಬೇಕೋ ಎಂದು ಆರಿಸಿಕೊಳ್ಳುವಂತೆ ಅವರ ಬದುಕು ಹೇಳುವುದಿಲ್ಲ. ಗೊಟಗೋಡಿಯ ಶಿಲ್ಪಗಳ ನಡುವೆ ನಿಂತ, ಸ್ಪೈಡರ್‌ಮ್ಯಾನ್ ಅಂಗಿಯ ಮಗುವಿನ ಅಭಿರುಚಿಯಲ್ಲಿ ತಪ್ಪೇನೂ ಇಲ್ಲ. ಹಿಂತಿರುಗುವ ದಾರಿಯಲ್ಲಿ ಬಸ್ಸಿನಲ್ಲಿ ಕುಳಿತಾಗ ಆ ಮಗುವಿಗೆ ಕರ್ಣನ ಕಥೆಯನ್ನೂ ಹೇಳುವವರೊಬ್ಬರು ಪಕ್ಕದಲ್ಲಿರಬೇಕು. ಹೇಳುವವರಿಲ್ಲದ ಮನೆಗಳಿಗಾಗಿಯೇ ಕಾರ್ಕಳದ ಅನಂತ ಪೈ ತಮ್ಮ ಜೀವಮಾನದ ದುಡಿಮೆಯನ್ನು ಮುಡಿಪಿಟ್ಟರು.